ಮೂವತ್ತೊಂದು ಸಾಲು

ಮೂವತ್ತೊಂದನೆಯ ಸಾಲಿನ ಎದುರು ಟಿಕ್ ಹಾಕಿ, ಕೆಳಗೆ ತನ್ನ ರುಜು ಗೀಚಿ, ಅವಳು ಟ್ರೇಯ ಸುತ್ತ ಹಸಿರು ಬಟ್ಟೆಯ ನಾಲ್ಕು ಮೂಲೆಗಳನ್ನು ಮಡಚಿದಳು. ಗಂಟಿನ ಮೇಲೆ ಹಳದಿ ಹಾಳೆಯನ್ನು ಸಿಕ್ಕಿಸಿ, "ಅಣ್ಣಾ, ಮಕ್ಕಳ ಟ್ರೇ!" ಎಂದು ಕೂಗಿದಳು. ಕೂಗದೆ ವಿಧಿಯಿರಲಿಲ್ಲ. ಆಪರೇಷನ್ ಸಾಮಾನುಗಳನ್ನು ತೊಳೆದು, ಜೋಡಿಸಿ, ಹಬೆಯಲ್ಲಿ ಬೇಯಿಸಿ ಮೇಲಿನ ಮಹಡಿಗೆ ಕಳಿಸುವ ಆ ನೆಲಮಾಳಿಗೆಯಲ್ಲಿ ಯಂತ್ರ ಬುಸುಗುಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ.

ಯಂತ್ರ ನಡೆಸುವವನನ್ನು ಎಲ್ಲರೂ ಹಬೆಯಣ್ಣ ಎನ್ನುತ್ತಿದ್ದರು. ಅವಳಿಗೆ ಕಂಪ್ಯೂಟ್ರಮ್ಮ ಎಂದು ಹೆಸರಿಟ್ಟವನು ಅವನೇ. ಹನ್ನೊಂದು ವರ್ಷಗಳಲ್ಲಿ ಅವಳ ಟ್ರೇಯಲ್ಲಿ ಒಂದು ಕತ್ತರಿ ಹೆಚ್ಚಾದದ್ದಿಲ್ಲ, ಒಂದು ಇಕ್ಕಳ ಕಡಿಮೆಯಾದದ್ದಿಲ್ಲ. ಬೇರೆಯವರು ಪಟ್ಟಿ ಓದಿ ಒಂದೊಂದೇ ಸಾಮಾನು ಹುಡುಕಿದರೆ ಅವಳು ಎಲ್ಲವನ್ನೂ ಜೋಡಿಸಿ ಮುಗಿಸಿ, ಆಮೇಲೆ ದೂರದ ನೆಂಟರನ್ನು ಮಾತಾಡಿಸುವಷ್ಟು ಮರ್ಯಾದೆಯಿಂದ ಪಟ್ಟಿಯ ಕಡೆ ಒಮ್ಮೆ ನೋಡುತ್ತಿದ್ದಳು. ಮೇಲಿನ ಥಿಯೇಟರಿನ ನರ್ಸುಗಳು ಅವಳ ರುಜು ಕಂಡರೆ ಹೆಸರು ಹಿಡಿದು ತಾಳೆ ನೋಡುತ್ತಿರಲಿಲ್ಲ. ಬರೀ ತಲೆ ಎಣಿಸುತ್ತಿದ್ದರು.

ಅವಳಿಗೆ ಓದಲು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಅಕ್ಷರಗಳು ಒಂದೊಂದಾಗಿ ಸಿಕ್ಕರೆ ಸಾಧುಪ್ರಾಣಿಗಳು. ಸಾಲುಗಟ್ಟಿದರೆ ಮುಗಿಯಿತು, ಮೇಲಿನ ಸಾಲಿನದು ಕೆಳಗಿಳಿಯುತ್ತಿತ್ತು, ಕೆಳಗಿನದು ಮೇಲೇರುತ್ತಿತ್ತು, ಒತ್ತಕ್ಷರಗಳು ಯಾವ ಅಕ್ಷರಕ್ಕೆ ಸೇರಿದವು ಎಂದು ತಮಗೇ ತಿಳಿಯದವರಂತೆ ನಿಲ್ಲುತ್ತಿದ್ದವು. ಹೀಗಾಗಿ ಅವಳು ಪ್ರತಿ ಟ್ರೇಯನ್ನೂ ಕೈಯಲ್ಲಿ ಕಲಿತಿದ್ದಳು. ಹಾಳೆಯ ಬಣ್ಣ, ಮೂಲೆಯ ನಂಬರು ನೋಡಿ ಟ್ರೇ ಯಾವುದೆಂದು ತಿಳಿಯುತ್ತಿತ್ತು, ಸಾಲು ಎಣಿಸಿ ಟಿಕ್ ಹಾಕಿದರೆ ಕೆಲಸ ಮುಗಿಯಿತು. ಹಳದಿಗೆ ಮೂವತ್ತೊಂದು. ಏನಾದರೂ ಬದಲಾದರೆ ದೊಡ್ಡ ಸಿಸ್ಟರ್ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹೇಳುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದದ್ದನ್ನು ಅವಳು ಮರೆತದ್ದಿಲ್ಲ. ಅಕಸ್ಮಾತ್ ಯಾರಾದರೂ ಕಾಗದವೊಂದನ್ನು ಮುಂದೆ ಹಿಡಿದರೆ, "ಅಯ್ಯೋ, ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ," ಎನ್ನುತ್ತಿದ್ದಳು. ಹನ್ನೊಂದು ವರ್ಷ ಮನೆಯಲ್ಲೇ ಉಳಿದ ಆ ಕನ್ನಡಕವನ್ನು ಯಾರೂ ಒಮ್ಮೆಯೂ ನೋಡಿಲ್ಲವಲ್ಲ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಕಳೆದ ಶನಿವಾರ ಅವಳು ರಜೆ ಹಾಕಿದ್ದಳು. ಅಪರೂಪದ ರಜೆ. ಮಗಳನ್ನು ಪರೀಕ್ಷೆ ಮಾಡಿಸಲು ಕರೆದುಕೊಂಡು ಹೋಗಬೇಕಿತ್ತು.

ಒಂಬತ್ತು ವರ್ಷದ ಮಗಳು ಶಾಲೆಯಲ್ಲಿ ಬಾಯಿಪಾಠಕ್ಕೆ ಮೊದಲು, ಓದಿಗೆ ಕೊನೆ. ಎರಡು ವರ್ಷ ಸೋಮಾರಿ ಎಂದರು, ಒಂದು ವರ್ಷ ಹಟಮಾರಿ ಎಂದರು. ಈ ವರ್ಷ ಬಂದ ಹೊಸ ಮೇಷ್ಟ್ರು, ಓದು ತೊಡಕಾದವರಿಗಾಗಿ ಒಂದು ಕೇಂದ್ರವಿದೆ ಎಂದು ಹೇಳಿ ಅದಕ್ಕೆ ಹೋಗುವ ದಾರಿಯನ್ನು ಒಂದು ಪುಟ ತುಂಬ ಬರೆದುಕೊಟ್ಟರು. ಅವಳು ಆ ಪುಟವನ್ನು ಮೂರು ಬೀದಿಗಳಲ್ಲಿ ಮೂರು ಅಂಗಡಿಯವರ ಮುಂದೆ ಹಿಡಿದು, ಮೂರು ಸಲ ಕನ್ನಡಕ ಮರೆತು, ಕೊನೆಗೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಮುಟ್ಟಿದಳು.

ಅಲ್ಲಿನ ಟೀಚರು ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ ಹೆಂಗಸು. ಮಗಳಿಗೆ ಒಂದು ರಟ್ಟಿನ ತುಂಡು ಕೊಟ್ಟರು. ನಡುವೆ ಒಂದೇ ಸಾಲು ಕಾಣುವಷ್ಟು ಉದ್ದ ಕಂಡಿ. ಪುಸ್ತಕದ ಮೇಲಿಟ್ಟರೆ ಮಿಕ್ಕ ಸಾಲುಗಳೆಲ್ಲ ಮರೆಯಾಗುತ್ತಿದ್ದವು. ಮಗಳು ಬೆರಳಿಟ್ಟು, ಉಸಿರು ಬಿಗಿಹಿಡಿದು, ಒಂದು ಸಾಲು ಓದಿ, "ಅಮ್ಮಾ, ಇದು ಅಲ್ಲಾಡ್ತಿಲ್ಲ!" ಎಂದಳು. ಅಲ್ಲಾಡುವುದು ತನಗೊಬ್ಬಳಿಗೇ ಎಂದುಕೊಂಡಿದ್ದ ಅಮ್ಮ ಕುರ್ಚಿಯ ಕೈ ಹಿಡಿದುಕೊಂಡಳು.

"ಮನೇಲಿ ಇನ್ಯಾರಿಗಾದ್ರೂ ಹೀಗಿದೆಯಾ? ಎಷ್ಟೋ ಸಲ ಮನೆತನದಲ್ಲೇ ಬರುತ್ತೆ," ಎಂದು ಟೀಚರು ಕೇಳಿದರು.

"ಇಲ್ಲ," ಎಂದಳು. ಎಷ್ಟು ಬೇಗ ಎಂದಳೆಂದರೆ ಮಗಳು ತಿರುಗಿ ನೋಡಿದಳು.

ಅರ್ಜಿಯ ಹಾಳೆ ಮುಂದೆ ಬಂತು. ಕನ್ನಡಕ ಮನೆಯಲ್ಲಿತ್ತು. ಟೀಚರು ಪೆನ್ನು ತಮ್ಮ ಕಡೆ ಎಳೆದುಕೊಂಡು, ಪ್ರಶ್ನೆಗಳನ್ನು ತಾವೇ ಓದಿ, ತಾವೇ ತುಂಬಿದರು. ಹೊರಡುವಾಗ ರಟ್ಟಿನ ತುಂಡು ಒಂದರ ಬದಲು ಎರಡು ಕೊಟ್ಟರು. "ಒಂದು ಇಟ್ಕೊಂಡಿರಿ. ಕಳೆದುಹೋಗುತ್ತೆ," ಎಂದರು. ಎರಡನೆಯದು ಅವಳ ಕೈಚೀಲದ ತಳದಲ್ಲಿ ಉಳಿದಿತ್ತು.

ಇದು ಶನಿವಾರದ ಮಾತು. ಈಗ ಸೋಮವಾರ. ಹತ್ತೂ ನಲವತ್ತಕ್ಕೆ ಮಕ್ಕಳ ಟ್ರೇ, ಅದರ ಜೊತೆ ಮೂಳೆಯ ಟ್ರೇ, ಎರಡೂ ಲಿಫ್ಟಿನಲ್ಲಿ ಮೇಲೆ ಹೋದವು. ಅವಳು ಮಾಡಿದ ಮಿಕ್ಕ ನಾಲ್ಕು ಕಪಾಟಿನಲ್ಲಿ ಆರುತ್ತಿದ್ದವು. ಹಬೆಯಣ್ಣ ಚಹಾದ ಲೋಟ ಹಿಡಿದು ಬಂದು ಬಿಸ್ಕತ್ತಿಗಾಗಿ ಅವಳ ಮೇಜಿನ ಡ್ರಾಯರು ಎಳೆದ.

"ಇದೇನ್ ತಾಯಿ, ಇನ್ನೂ ಇಲ್ಲೇ ಬಿದ್ದಿದೆ? ಇದನ್ನ ಹಾಕ್ಲಿಲ್ವಾ?"

ಪ್ಯಾಕೆಟ್ಟಿನೊಳಗೆ ಒಂದು ಕ್ಲ್ಯಾಂಪು. ರಕ್ತನಾಳ ಹಿಡಿದು ನಿಲ್ಲಿಸುವಂಥದ್ದು. ಅವಳು ಅಂಥದ್ದನ್ನು ಸಾವಿರ ಸಲ ಮುಟ್ಟಿದ್ದಳು, ಇಷ್ಟು ಚಿಕ್ಕದನ್ನು ಮಾತ್ರ ಕಂಡಿರಲಿಲ್ಲ.

"ಯಾವುದಕ್ಕೆ ಇದು?"

"ಮಕ್ಕಳ ಟ್ರೇಗೆ. ಶನಿವಾರ ಸಿಸ್ಟರ್ ಅರ್ಧ ಗಂಟೆ ಭಾಷಣ ಬಿಗಿದ್ರು. ಹಳೇದು ದೊಡ್ಡದಾಯ್ತಂತೆ, ಕೂಸಿನ ರಕ್ತನಾಳ ಹರಿದುಹೋಗುತ್ತಂತೆ. ಹೊಸ ಡಾಕ್ಟರು ಕೂಗಾಡಿಬಿಟ್ರಂತೆ. ಹಳೇದು ತೆಗೆದು ಇದನ್ನ ಹಾಕಿ, ಡ್ರಾಯರಲ್ಲಿದೆ, ಹೊಸ ಪಟ್ಟೀನೂ ಇಟ್ಟಿದೀನಿ ಅಂದ್ರು... ಓ, ನೀನಿರಲಿಲ್ಲ ಅಲ್ವಾ?" ಅವನು ಚಹಾ ಹೀರಿದ. "ಇರದಿದ್ರೇನು, ಪಟ್ಟೀಲಿ ಬರ್ದಿದೆಯಲ್ಲ."

ಪಟ್ಟಿಯಲ್ಲಿ ಬರೆದಿತ್ತು. ಒಂದು ತೆಗೆದು ಒಂದು ಸೇರಿಸಿದರೆ ಸಾಲು ಮೂವತ್ತೊಂದೇ. ಅವಳು ಮೂವತ್ತೊಂದಕ್ಕೂ ಟಿಕ್ ಹಾಕಿದ್ದಳು. ಮೇಲೆ ತಲೆ ಎಣಿಸಿದರೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು.

ಗೋಡೆಯ ಗಡಿಯಾರ ಹತ್ತೂ ನಲವತ್ತೇಳು ತೋರಿಸುತ್ತಿತ್ತು. ಆಪರೇಷನ್ ಹನ್ನೊಂದಕ್ಕೆ. ಅವಳ ಕಿವಿಯೊಳಗೆ ಇನ್ನೊಂದು ಹಬೆಯ ಯಂತ್ರ ಶುರುವಾಯಿತು. ಅವನ ಕೈಯಿಂದ ಪ್ಯಾಕೆಟ್ಟು ಕಿತ್ತುಕೊಂಡಳು. ಅದನ್ನು ಹಿಡಿದು ದೊಡ್ಡ ಸಿಸ್ಟರ ಗಾಜಿನ ಕೋಣೆಗೆ ಹೋದಳು.

ದೊಡ್ಡ ಸಿಸ್ಟರ್ ರಿಜಿಸ್ಟರಿನಿಂದ ತಲೆ ಎತ್ತಿದರು. ನೆಲಮಾಳಿಗೆಯಲ್ಲಿ ಅವರು ನಕ್ಕದ್ದನ್ನು ಕಂಡವರಿಲ್ಲ. ಕಂಡೆ ಎಂದು ಹಬೆಯಣ್ಣ ಒಮ್ಮೆ ಹೇಳಿದ್ದನ್ನು ಯಾರೂ ನಂಬಿರಲಿಲ್ಲ.

"ಸಿಸ್ಟರ್, ಮಕ್ಕಳ ಟ್ರೇಲಿ ಹಳೇ ಕ್ಲ್ಯಾಂಪು ಹೋಗಿದೆ. ಹೊಸದು ಇಲ್ಲೇ ಉಳೀತು."

ಸಿಸ್ಟರ್ ಮೊದಲು ಫೋನು ಎತ್ತಿದರು, ಆಮೇಲೆ ಮುಖ ಗಂಟಿಕ್ಕಿದರು. ಆ ಕ್ರಮಕ್ಕಾಗಿ ಅವಳು ಮುಂದೆ ಎಷ್ಟೋ ದಿನ ಅವರನ್ನು ಮನಸ್ಸಿನಲ್ಲೇ ವಂದಿಸಿದಳು. "ಥಿಯೇಟರಾ? ಮಕ್ಕಳ ಟ್ರೇ ಬಿಚ್ಚಬೇಡಿ... ಮಗೂಗೆ ಅರಿವಳಿಕೆ ಕೊಟ್ಟಾಯ್ತಾ? ಇನ್ನೂ ಇಲ್ಲ ತಾನೇ? ನಿಲ್ಲಿಸಿ. ಇನ್ನೊಂದು ಸಾಮಾನು ಕಳಿಸ್ತೀನಿ." ಫೋನಿಟ್ಟು, ಗಾಜಿನಾಚೆ ನಿಂತ ಹಬೆಯಣ್ಣನಿಗೆ ಕ್ಲ್ಯಾಂಪು ತೋರಿಸಿ, ಬೇಗ ಬೇಯಿಸುವ ಚಿಕ್ಕ ಯಂತ್ರದ ಕಡೆ ಬೆರಳು ಮಾಡಿದರು. ಅವನು ಚಹಾ ಬಿಟ್ಟು, ಅದನ್ನು ಇಸಿದುಕೊಂಡು ಓಡಿದ.

"ಏನಾಯ್ತು?"

"ಮರೆತೆ ಸಿಸ್ಟರ್."

"ಟಿಕ್ ಹಾಕಿದೀಯಾ?"

"ಹಾಕಿದೀನಿ. ಕೈ ಅಭ್ಯಾಸದಲ್ಲಿ..."

ಸಿಸ್ಟರ್ ಅವಳನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಸಡಿಲವಾಯಿತು. "ಶನಿವಾರ ಮಗಳ ಗಲಾಟೆ ಬೇರೆ ಇತ್ತು ಅಲ್ವಾ. ಹನ್ನೊಂದು ವರ್ಷಕ್ಕೆ ಒಂದು ಮರೆವು. ನನ್ನ ಮರೆವು ಕೇಳಿದ್ರೆ ವರ್ಷಕ್ಕೇ ಹನ್ನೊಂದು ಹೇಳ್ತೀನಿ. ಹೋಗು, ಮುಖ ತೊಳ್ಕೋ."

ಇಷ್ಟೇ. ಮುಗಿಯಿತು. ಅವಳು ತಿರುಗಿದಳು, ಬಾಗಿಲ ಹಿಡಿಕೆ ಹಿಡಿದಳು. ಗಾಜಿನಾಚೆ ಕಪಾಟಿನಲ್ಲಿ ಅವಳ ನಾಲ್ಕು ಟ್ರೇಗಳು ಕಾಣುತ್ತಿದ್ದವು. ನೀಲಿ ಹಾಳೆ, ಬಿಳಿ, ಗುಲಾಬಿ, ಇನ್ನೊಂದು ನೀಲಿ. ಒಂದೊಂದರ ಮೇಲೂ ಟಿಕ್ಕುಗಳು, ಇರುವೆ ಸಾಲಿನಷ್ಟು ನೆಟ್ಟಗೆ. ಮೂಳೆಯ ಟ್ರೇ ಮೇಲೆ ಹೋಗಿತ್ತು.

ಬದಲಾದದ್ದು ಹಳದಿಯೊಂದೇ ಎಂದು ಹೇಳಿದವರು ಯಾರು?

ಕೇಳದೆ ಹೋಗಬಹುದಿತ್ತು. ಹೋಗಿ ಹಬೆಯಣ್ಣನನ್ನು ಬೇರೆ ನೆಪದಲ್ಲಿ ಮಾತಾಡಿಸಬಹುದಿತ್ತು. ಆದರೆ ಅವನು ಅರ್ಧ ಗಂಟೆಯ ಭಾಷಣದಲ್ಲಿ ಕೇಳಿಸಿಕೊಂಡದ್ದು ಎಷ್ಟು, ನಿದ್ದೆ ಮಾಡಿದ್ದು ಎಷ್ಟು ಎಂಬುದು ಅವಳಿಗೆ ಗೊತ್ತಿತ್ತು. ಹಿಡಿಕೆ ತಣ್ಣಗಿತ್ತು. ಮೂಳೆಯ ಆಪರೇಷನ್ ಎಷ್ಟು ಗಂಟೆಗೋ ಅವಳಿಗೆ ನೆನಪಾಗಲಿಲ್ಲ. ಎಲ್ಲವನ್ನೂ ನೆನಪಿಡುವ ಹೆಂಗಸಿಗೆ ಅದೊಂದು ನೆನಪಾಗಲಿಲ್ಲ.

"ಸಿಸ್ಟರ್, ಶನಿವಾರ ಎಷ್ಟು ಪಟ್ಟಿ ಬದಲಾಯ್ತು?"

"ಗೋಡೆ ಮೇಲೆ ಹಾಕಿದೀನಲ್ಲ. ಓದ್ಕೋ."

"ಓದೋಕಾಗಲ್ಲ."

"ಕನ್ನಡಕ ತರೋದು ಯಾವಾಗಮ್ಮ ನೀನು?"

"ಕನ್ನಡಕ ಇಲ್ಲ ಸಿಸ್ಟರ್." ಅವಳ ದನಿ ತೀರಾ ಸಣ್ಣದಾಗಿತ್ತು. "ಯಾವತ್ತೂ ಇರಲಿಲ್ಲ. ನಾನು ಪಟ್ಟಿ ಓದಲ್ಲ. ಸಾಲು ಎಣಿಸಿ ಟಿಕ್ ಹಾಕ್ತೀನಿ. ಇವತ್ತು ಆರೂ ಹಾಗೇ ಹಾಕಿದೀನಿ. ಮೂಳೆದು ಮೇಲೆ ಹೋಗಿದೆ. ಬೇಗ ಫೋನ್ ಮಾಡಿ."

ಸಿಸ್ಟರಿಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ ಏನೋ. ಅಷ್ಟೂ ಹೊತ್ತು ಅವಳು ಫೋನನ್ನೇ ನೋಡುತ್ತಿದ್ದಳು.

ಬದಲಾದ ಪಟ್ಟಿಗಳು ಮೂರು. ಮೂಳೆಯದೂ ಅದರಲ್ಲಿತ್ತು, ಮೂರನೆಯದು ಅವಳು ಅಂದು ಮುಟ್ಟಿರದ ಟ್ರೇಯದು. ಮೂಳೆಯ ಟ್ರೇ ಹನ್ನೊಂದೂವರೆಯ ಆಪರೇಷನ್ನಿಗೆ ಬಿಚ್ಚುವ ಮೊದಲೇ ಕೆಳಗೆ ಬಂತು. ಕಪಾಟಿನಲ್ಲಿದ್ದ ನಾಲ್ಕನ್ನೂ ಅವಳ ಕಣ್ಣೆದುರೇ ಬಿಚ್ಚಿ, ಒಂದೊಂದು ಸಾಮಾನನ್ನೂ ಹೆಸರು ಹಿಡಿದು ಕೂಗಿ ನೋಡಿದರು. ಅವು ನಾಲ್ಕೂ ಸರಿಯಾಗಿದ್ದವು. ಯಾರೂ ಅದನ್ನು ಹೇಳಲಿಲ್ಲ. ಕೂಸಿನ ಆಪರೇಷನ್ ಇಪ್ಪತ್ತು ನಿಮಿಷ ತಡವಾಗಿ ಶುರುವಾಗಿ ಚೆನ್ನಾಗಿಯೇ ಮುಗಿಯಿತು.

"ಹನ್ನೊಂದು ವರ್ಷ," ಎಂದರು ಸಿಸ್ಟರ್, ಕೊನೆಗೆ. ಬೈಗುಳವೋ ಲೆಕ್ಕವೋ ತಿಳಿಯಲಿಲ್ಲ. "ಇವತ್ತಿಂದ ತೊಳೆಯೋ ಕಡೆ ಹೋಗು. ಟ್ರೇ ಮುಟ್ಟಬೇಡ. ನಾನು ಮೇಲಿನ ಆಫೀಸಿಗೆ ಬರೀಲೇಬೇಕು. ಶುಕ್ರವಾರ ಅವರು ಬರ್ತಾರೆ."

ತೊಳೆಯುವ ಕಡೆ ರಬ್ಬರ್ ಗ್ಲೌಸು ತೊಟ್ಟು ರಕ್ತ ಹತ್ತಿದ ಇಕ್ಕಳಗಳನ್ನು ಉಜ್ಜುತ್ತ ಅವಳು ಶುಕ್ರವಾರದವರೆಗಿನ ದಿನಗಳನ್ನು ಎಣಿಸಿದಳು. ಎಣಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಸಂಜೆ ಅವಳ ಗಂಡ ಹಿತ್ತಿಲಲ್ಲಿ ಕೂತು ಸೀಮೆಎಣ್ಣೆಯಲ್ಲಿ ಬ್ರಷ್ಷು ತೊಳೆಯುತ್ತಿದ್ದ. ಮನೆಗಳಿಗೆ ಬಣ್ಣ ಬಳಿಯುವುದು ಅವನ ಕಸುಬು. ಅವಳು ಎದುರಿಗೆ ಕೂತು ಕ್ಲ್ಯಾಂಪಿನ ಕತೆ ಹೇಳಿದಳು. ಕೆಲಸ ಹೋಗಬಹುದು ಎಂದಳು. ಆಮೇಲೆ, ಮದುವೆಯಾದಾಗಿನಿಂದ ಹದಿನಾಲ್ಕು ವರ್ಷ ಬಚ್ಚಿಟ್ಟದ್ದನ್ನು, ನೆಲ ನೋಡುತ್ತ ಹೇಳಿದಳು.

"ಗೊತ್ತು," ಎಂದ ಗಂಡ.

"ಏನು ಗೊತ್ತು?"

"ಮದುವೆಯಾದ ಹೊಸದರಲ್ಲಿ ಬಾಗಿಲಿಗೆ ಬಣ್ಣ ಹೊಡೆದು, 'ಹಸಿ ಇದೆ, ಮುಟ್ಟಬೇಡ' ಅಂತ ಚೀಟಿ ಅಂಟಿಸಿ ಹೋಗಿದ್ದೆ. ಸಂಜೆ ಬಂದ್ರೆ ನಿನ್ನ ಎರಡೂ ಕೈ ಹಸಿರು. 'ಚೀಟಿ ನೋಡಿದ್ಯಾ?' ಅಂದೆ ನಾನು. 'ಹೂಂ, ಅಕ್ಷರ ಮುದ್ದಾಗಿದೆ' ಅಂದೆ ನೀನು."

ಅವಳಿಗೆ ನಗು ಬರಲಿಲ್ಲ. "ಅದಕ್ಕೇನಾ ದಿನಾ ಪೇಪರ್ ಜೋರಾಗಿ ಓದ್ತಿದ್ದಿದ್ದು?"

"ಮತ್ತೆ? ಬೀದಿಯೋರಿಗೆ ಸಮಾಚಾರ ಹೇಳೋಕಾ?" ಅವನು ಬ್ರಷ್ಷು ಒದರಿದ. "ನೀನೇ ಒಂದಿನ ಹೇಳ್ತೀಯ ಅಂತ ಕಾದೆ. ನೀನೂ ಹೇಳಲಿಲ್ಲ, ನಂಗೂ ಕೇಳೋಕೆ ಬರಲಿಲ್ಲ. ನಾಳೆ ಆ ಟೀಚರ್ ಹತ್ರ ಹೋಗು. ನಾನೂ ಬರ್ಲಾ?"

"ಬೇಡ," ಎಂದಳು. ತೊಳೆದ ಬ್ರಷ್ಷುಗಳನ್ನು ಡಬ್ಬಿಗೆ ಹಾಕುತ್ತ, "ಬಾ," ಎಂದಳು.

ಟೀಚರು ಅವಳನ್ನು ಕಂಡು ಆಶ್ಚರ್ಯಪಡಲಿಲ್ಲ. ಅದು ಅವಳಿಗೆ ಸ್ವಲ್ಪ ಬೇಸರವನ್ನೇ ತಂದಿತು. ಅಷ್ಟು ಕಷ್ಟಪಟ್ಟು ಸಾಕಿದ ಗುಟ್ಟು ಇಷ್ಟು ಬಡಕಲಾಗಿತ್ತೇ?

"ದೊಡ್ಡವರನ್ನೂ ನೋಡ್ತೀರಾ ಇಲ್ಲಿ?"

"ಮಕ್ಕಳನ್ನ ಕರ್ಕೊಂಡು ಬರೋರಲ್ಲಿ ಎಷ್ಟೋ ಜನ ಎರಡನೇ ಸಲ ಒಬ್ರೇ ಬರ್ತಾರೆ. ನೀವು ಜೋಡಿ ಬಂದಿದೀರ, ವಾಸಿ." ಟೀಚರು ಪೆನ್ಸಿಲ್ ಹುಡುಕಿದರು. ಗಂಡ ಅವರ ತಲೆಯ ಕಡೆ ಕೈ ತೋರಿಸಿದ. "ಹಾಂ, ಇಲ್ಲಿದೆ. ನೋಡಿ, ಇದು ವಾಸಿಯಾಗೋ ಕಾಯಿಲೆ ಅಲ್ಲ, ಯಾಕಂದ್ರೆ ಕಾಯಿಲೆನೇ ಅಲ್ಲ. ಅಡ್ಡದಾರಿ ಹಿಡೀಬೇಕು. ನೀವು ಹಿಡಿದಿದ್ದೂ ಅಡ್ಡದಾರಿನೇ, ಆದ್ರೆ ಕತ್ತಲದು. ಎಷ್ಟು ಟ್ರೇ ಬಾಯಿಪಾಠ?"

"ಅರವತ್ತೆರಡು."

"ಅಬ್ಬಾ! ಅದಕ್ಕಿಂತ ಓದೋದೇ ಸುಲಭ ಕಣಮ್ಮ."

ಅವರು ಅವಳ ಫೋನು ಇಸಿದುಕೊಂಡು ಏನೋ ಒತ್ತಿ, ಗೋಡೆಯ ಮೇಲಿನ ಕಾಗದದ ಎದುರು ಹಿಡಿದರು. ಫೋನು ಕಾಗದವನ್ನು ಓದಿ ಹೇಳಿತು, ನೆಗಡಿಯಾದ ಗುಮಾಸ್ತನ ದನಿಯಲ್ಲಿ. ಗಂಡ ಬೆಪ್ಪಾಗಿ, "ನನ್ನ ಕೆಲಸ ಹೋಯ್ತು," ಎಂದ. ಆಮೇಲೆ ಟೀಚರು ಆಸ್ಪತ್ರೆಗೊಂದು ಕಾಗದ ಬರೆದು ಅವಳಿಗೆ ಓದಿ ಹೇಳಿದರು: ಪಟ್ಟಿಯ ಸಾಲುಗಳ ನಡುವೆ ಜಾಗ ಬಿಟ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು, ಹೊಸ ಸಾಮಾನಿನ ಚಿತ್ರ ಪಕ್ಕದಲ್ಲಿರಬೇಕು, ಬದಲಾವಣೆಯನ್ನು ಬಾಯಲ್ಲೂ ಹೇಳಬೇಕು, ರಜೆಯಲ್ಲಿದ್ದವರಿಗೆ ಬಂದ ದಿನ ಮತ್ತೆ ಹೇಳಬೇಕು, ಓದಲು ಸಮಯ ಕೊಡಬೇಕು.

"ಕೊಡ್ತಾರಾ?"

"ಕೇಳೋದು ನಮ್ಮ ಕೆಲಸ," ಎಂದರು ಟೀಚರು. ಕೊಡುತ್ತಾರೆ ಎನ್ನಲಿಲ್ಲ. "ಆ ಎರಡನೇ ರಟ್ಟು ಇದೆಯಾ, ಕಳೆದುಹೋಯ್ತಾ?"

ಮೂರು ಸಂಜೆ ತಾಯಿ ಮಗಳು ಒಂದೇ ಚಾಪೆಯ ಮೇಲೆ ಬೋರಲು ಮಲಗಿ, ಒಂದೊಂದು ರಟ್ಟು ಹಿಡಿದು ಓದಿದರು. ಮಗಳು ಅಮ್ಮನಿಗಿಂತ ಬೇಗ ಓದುತ್ತಿದ್ದಳು. "ನೀನು ಸೋಮಾರಿನಾ ಹಟಮಾರಿನಾ?" ಎಂದು ಮಗಳು ಗಂಭೀರವಾಗಿ ಕೇಳಿದಳು. ಅಮ್ಮ ಯೋಚಿಸಿ, "ಹೆದರುಪುಕ್ಕಿ," ಎಂದಳು.

ಶುಕ್ರವಾರ ಬೆಳಿಗ್ಗೆ ಮೇಲಿನ ಆಫೀಸಿನವರು ಬಂದರು. ಕೈಯಲ್ಲಿ ಫೈಲು ಹಿಡಿದ, ಮೂಗಿಗೆ ಬಟ್ಟೆ ಅಡ್ಡ ಹಿಡಿದ ಒಬ್ಬ ಗಂಡಸು. ದೊಡ್ಡ ಸಿಸ್ಟರ್ ಟೀಚರ ಕಾಗದವನ್ನು ಅವರ ಮುಂದಿಟ್ಟರು. ಅವರು ಅದನ್ನು ಎರಡು ಸಲ ಓದಿ, "ಇದೆಲ್ಲ ಸರಿ. ಪಟ್ಟಿ ನೋಡಿ ಟ್ರೇ ಜೋಡಿಸೋಕೆ ಆಗುತ್ತೋ ಇಲ್ವೋ? ನನ್ನೆದುರು ಮಾಡಿ ತೋರಿಸ್ಲಿ. ಜೋರಾಗಿ ಓದ್ಲಿ," ಎಂದರು.

ಮೇಜಿನ ಮೇಲೆ ಹಳದಿ ಹಾಳೆ ಬಂತು. ಅದು ಎರಡು ಹಾಳೆಯಾಗಿತ್ತು. ಸಾಲುಗಳ ನಡುವೆ ಬೆರಳು ಹಾಯುವಷ್ಟು ಜಾಗ. ಸಿಸ್ಟರ್ ತಾವೇ ಹೊಸದಾಗಿ ಮುದ್ರಿಸಿ ತಂದಿದ್ದರು. "ಕ್ರಮ ಬದಲಾಯಿಸಿದೀನಿ," ಎಂದರು, ಅವಳ ಮುಖ ನೋಡದೆ. "ಕೈ ಅಭ್ಯಾಸಕ್ಕೆ ಸಿಗಲ್ಲ. ಎಷ್ಟು ಹೊತ್ತು ಬೇಕಾದ್ರೂ ತಗೋ."

ಏಳನೆಯ ವಯಸ್ಸಿನಲ್ಲಿ ತರಗತಿಯ ಮುಂದೆ ಪುಸ್ತಕ ಹಿಡಿದು ನಿಂತದ್ದು, ಹಿಂದಿನ ಬೆಂಚಿನ ಮೊದಲ ನಗು, ಎಲ್ಲವೂ ಹೊಟ್ಟೆಯೊಳಗೆ ಹಾಗೇ ಇದ್ದವು, ಒಂದೂ ಹಳತಾಗಿರಲಿಲ್ಲ. ಅವಳು ಕೈಚೀಲದಿಂದ ರಟ್ಟು ತೆಗೆದಳು.

ಯಂತ್ರದ ಬಳಿಯಿಂದ ಹಬೆಯಣ್ಣ ಅವಳ ಕಡೆ ನೋಡಿ ತಲೆಯಾಡಿಸಿ ಹಬೆ ಬಿಡುವ ಗಾಲಿ ತಿರುಗಿಸಿದ. ಬುಸ್ ಎಂದು ಹಬೆ ಎದ್ದಿತು. ಇದರೊಳಗೆ ಹುಲಿ ಗರ್ಜಿಸಿದರೂ ಕೇಳಿಸುವುದಿಲ್ಲ. ಅವಳು ರಟ್ಟನ್ನು ಮೊದಲ ಸಾಲಿನ ಮೇಲಿಟ್ಟಳು. ಅಕ್ಷರಗಳು ಕಂಡಿಯೊಳಗೆ ಒತ್ತೊತ್ತಾಗಿ ನಿಂತು ಅವಳನ್ನೇ ನೋಡಿದವು. ತುಟಿ ಅಲ್ಲಾಡಿತು. ಬಾಗಿದ ಕತ್ತರಿ, ಎರಡು. ಎತ್ತಿ ಟ್ರೇಯಲ್ಲಿಟ್ಟಳು. ರಟ್ಟು ಸರಿಸಿದಳು. ಎರಡನೆಯ ಸಾಲು. ಮೂರನೆಯದರಲ್ಲಿ ತಡವರಿಸಿ ಹಿಂದೆ ಹೋಗಿ ಮತ್ತೆ ಬಂದಳು. ಫೈಲಿನವರು ಕಿವಿಯ ಹಿಂದೆ ಕೈ ಇಟ್ಟು ಮುಂದೆ ಬಗ್ಗಿದರು. ಏನೂ ಕೇಳಿಸದೆ ಸಿಸ್ಟರ ಕಡೆ ನೋಡಿದರು. ಸಿಸ್ಟರ್ ಟ್ರೇಯನ್ನೇ ನೋಡುತ್ತಿದ್ದರು. ನಾಲ್ಕನೆಯ ಸಾಲು.

ಐದನೆಯದರ ಮೇಲೆ ರಟ್ಟು ಇಡುತ್ತಿದ್ದಂತೆ ಯಂತ್ರ ತನ್ನ ಹೊತ್ತು ಮುಗಿಸಿತು. ಹಬೆ ನಿಂತಿತು. ನೆಲಮಾಳಿಗೆಯಲ್ಲಿ ನಲ್ಲಿಯೊಂದು ತೊಟ್ಟಿಕ್ಕುವ ಸದ್ದು ಕೇಳಿಸಿತು. ಹಬೆಯಣ್ಣ ಯಂತ್ರದ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟವನು, ಸದ್ದಾದೀತೆಂದು ಅದನ್ನು ತಿರುಗಿಸಲಿಲ್ಲ.

"ಚಿ... ಚಿಕ್ಕ," ಎಂದಿತು ಒಂದು ದನಿ, ಎಲ್ಲರಿಗೂ ಕೇಳಿಸುವಷ್ಟು ದೊಡ್ಡದಾಗಿ. "ಚಿಕ್ಕ. ಕ್ಲ್ಯಾಂ... ಕ್ಲ್ಯಾಂಪು. ಒಂದು."

ಅವಳು ಕೈ ಚಾಚಿ ಅದನ್ನು ಎತ್ತಿಟ್ಟಳು. ರಟ್ಟು ಹಳದಿ ಹಾಳೆಯ ಮೇಲೆ ಒಂದು ಸಾಲು ಕೆಳಗೆ ಸರಿಯಿತು.